ಬೇಕಾದ ಗಾಡಿಯನ್ನು ಹೊಗಳಬಾರದು

ತಿರುಮಲೇಶನ ಆ ಭಾನುವಾರ ಕೆಟ್ಟಿದ್ದು ಪಕ್ಕದ ಮನೆಯ ಏಕಾಂತಯ್ಯನವರು ಕಾಂಪೌಂಡಿನ ಮೇಲಿಂದ ಬಗ್ಗಿ ಕೊಟ್ಟ ಒಂದು ಸಲಹೆಯಿಂದ. ಸಲಹೆ ಪುಕ್ಕಟೆಯದು. ಏಕಾಂತಯ್ಯನವರು ಯಾರಿಗಾದರೂ ಪುಕ್ಕಟೆಯಾಗಿ ಏನಾದರೂ ಕೊಟ್ಟಿದ್ದರೆ ಅದೊಂದನ್ನೇ.

ಅದು ಎಂಬತ್ತಾರನೆಯ ಇಸವಿ, ಜುಲೈ ತಿಂಗಳ ಮೊದಲ ಭಾನುವಾರ. ಮಾರನೆಯ ದಿನ ಅಮಾವಾಸ್ಯೆ, ಅದರ ಮಾರನೆಯ ದಿನದಿಂದ ಆಷಾಢ. ಆಷಾಢದಲ್ಲಿ ತಿರುಮಲೇಶನ ಮನೆಗೆ ಹೊಸ ಪೊರಕೆಯೂ ಬರುತ್ತಿರಲಿಲ್ಲ, ಇನ್ನು ಮೋಟಾರ್ ಸೈಕಲ್ ಎಲ್ಲಿಂದ ಬರಬೇಕು? ಆಷಾಢ ಕಳೆದರೆ ಶ್ರಾವಣ, ಶ್ರಾವಣದಲ್ಲಿ ತಂಗಿ ವಾರಿಜಾಳ ಮದುವೆ. ಏಳು ವರ್ಷ ಗಾಡಿಗೆಂದು ಕೂಡಿಟ್ಟಿದ್ದೆಲ್ಲ ಛತ್ರ, ಓಲಗ, ಅಡುಗೆಯವರು ಎಂದು ಕರಗಿಹೋಗುವುದು ಖಂಡಿತ. ಆಮೇಲೆ ಗಾಡಿಯ ಮಾತೆತ್ತುವ ಹೊತ್ತಿಗೆ ತಲೆಕೂದಲು ಬೆಳ್ಳಗಾಗಿರುತ್ತದೆ. ತಂದರೆ ಈ ಭಾನುವಾರ ತರಬೇಕು, ಇಲ್ಲದಿದ್ದರೆ ಇಲ್ಲ. ಇದು ಅವನಿಗೂ ಗೊತ್ತಿತ್ತು, ಹೆಂಡತಿ ಪಂಕಜಾಳಿಗೂ ಗೊತ್ತಿತ್ತು.

ಜಯನಗರದ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದ ತಿರುಮಲೇಶನಿಗೆ ಮೋಟಾರ್ ಸೈಕಲ್ಲುಗಳ ವಿಷಯದಲ್ಲಿ ಗೊತ್ತಿಲ್ಲದ್ದು ಒಂದೇ, ಅದರ ಒಡೆಯನಾಗಿರುವುದು ಹೇಗೆ ಎಂಬುದು. ಮಿಕ್ಕಿದ್ದೆಲ್ಲ ಅವನ ನೋಟ್‌ಬುಕ್ಕಿನಲ್ಲಿತ್ತು. ಒಂದು ಪುಟದಲ್ಲಿ ಆರ್‌ಡಿ ಮುನ್ನೂರೈವತ್ತು, ಎದುರು ಪುಟದಲ್ಲಿ ಯೆಜ್ಡಿ ರೋಡ್‌ಕಿಂಗ್. ಮೂರು ವರ್ಷದಿಂದ ಎರಡನ್ನೂ ತೂಗಿ ತೂಗಿ ನೋಡುತ್ತಿದ್ದ. ಸ್ನೇಹಿತರ ಗಾಡಿ ಓಡಿಸಿ ಕಲಿತು ಲೈಸೆನ್ಸನ್ನೂ ಮಾಡಿಸಿಕೊಂಡಿದ್ದ. ಗಾಡಿ ಕೊಳ್ಳುವ ಮುಂಚೆ ಆಫೀಸಿನಲ್ಲಿ ಎಲ್ಲರೂ ಅವನನ್ನೇ ಕೇಳುತ್ತಿದ್ದರು, ಕೊಂಡ ಮೇಲೆ ಬಸ್ ಸ್ಟಾಪಿನಲ್ಲಿ ನಿಂತ ಅವನಿಗೆ ಕೈಬೀಸಿ ಹೋಗುತ್ತಿದ್ದರು.

ಈಗ ಮೆಕ್ಯಾನಿಕ್ ಒಬ್ಬನ ಮೂಲಕ ಎರಡೂ ಗಾಡಿ ಒಟ್ಟಿಗೇ ಮಾರಾಟಕ್ಕೆ ಬಂದಿದ್ದವು. ಚಿಕ್ಕಲಸಂದ್ರದಲ್ಲಿ ಒಂದು, ಹನುಮಂತನಗರದಲ್ಲಿ ಇನ್ನೊಂದು. ಬನಶಂಕರಿಯಲ್ಲಿದ್ದ ತಿರುಮಲೇಶ ಎರಡರ ಮಧ್ಯೆ.

"ನೋಡು ತಿರುಮಲೇಶ," ಎಂದರು ಏಕಾಂತಯ್ಯ, "ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ, ಹೋಗಿ ಗಾಡಿ ತಬ್ಕೊಂಡ್ಬಿಡ್ತೀಯ. ಹಾಗೆ ಮಾಡ್ಬೇಡ. ಬೇಕಾದ ಸಾಮಾನನ್ನ ಇಟ್ಕೊಂಡೋನ ಎದುರಿಗೆ ಹೊಗಳ್ಬಾರ್ದು. ಮೂಗು ಮುರೀಬೇಕು. ಇನ್ನೊಂದನ್ನ ಹೊಗಳ್ಬೇಕು. ಆಮೇಲೆ ಸುಮ್ನೆ ಎದ್ದು ಬಂದ್ಬಿಡ್ಬೇಕು. ಅವನೇ ಹಿಂದೆ ಬರ್ತಾನೆ."

"ಬರ್ದೇ ಹೋದ್ರೆ ಸಾರ್?"

"ಗಾಂಧಿ ಬಜಾರಲ್ಲಿ ಮೂವತ್ತು ವರ್ಷದಿಂದ ನಾನು ಬದನೆಕಾಯಿ ತಗೊಂಡಿರೋದು ಹೀಗೇನೇ. ಯಾವನು ಬಂದಿಲ್ಲ ಹೇಳು?"

ಪಂಕಜಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಬದನೆಕಾಯಿ ಬೇರೆ, ಗಾಡಿ ಬೇರೆ ಕಣ್ರೀ. ಇಷ್ಟ ಆದ್ರೆ ಇಷ್ಟ ಆಯ್ತು ಅಂತ ಹೇಳಿ ತಗೊಂಡು ಬನ್ನಿ," ಎಂದಳು. ತಿರುಮಲೇಶ ಕೇಳಲಿಲ್ಲ. ಮೂವತ್ತು ವರ್ಷದ ಅನುಭವದ ಮುಂದೆ ಹೆಂಡತಿಯ ಮಾತು ಅವನಿಗೆ ಹಗುರವಾಗಿ ಕಂಡಿತು.

ಚಿಕ್ಕಲಸಂದ್ರದ ಬೈರಣ್ಣ ಹಿಟ್ಟಿನ ಗಿರಣಿಯ ಯಜಮಾನ. ಹುಬ್ಬಿನ ತನಕ ರಾಗಿಹಿಟ್ಟು ಮೆತ್ತಿಕೊಂಡು ಹೊರಗೆ ಬಂದು, ಹುಣಸೆಮರದ ಕೆಳಗೆ ನಿಂತಿದ್ದ ಆರ್‌ಡಿಯ ಕೀಲಿಕೈ ಕೊಟ್ಟ.

"ಒಂದು ರೌಂಡ್ ಹೋಗಿ ಬನ್ನಿ ಸಾರ್. ಹುಷಾರು, ಇದು ನಮ್ಮ ಮಾತು ಕೇಳಲ್ಲ, ನಾವೇ ಅದರ ಮಾತು ಕೇಳ್ಬೇಕು."

ಉತ್ತರಹಳ್ಳಿ ರಸ್ತೆಯ ಎರಡು ಕಡೆಯೂ ರಾಗಿಹೊಲ. ಮೂರನೇ ಗೇರಿನ ತನಕ ಆರ್‌ಡಿ ಸಂಭಾವಿತನಂತೆ ನಡೆಯಿತು. ಆಮೇಲೆ ಆರ್‌ಪಿಎಂ ಮೀಟರಿನ ಮುಳ್ಳು ಆರು ಸಾವಿರ ದಾಟಿತು, ಎರಡೂ ಸಿಲಿಂಡರು ಒಟ್ಟಿಗೆ ಎಚ್ಚರವಾದವು. ತಿರುಮಲೇಶನ ಕನ್ನಡಕ ಮೂಗಿನಿಂದ ಹಣೆಗೇರಿತು, ಬಾಯಿಗೆ ಗಾಳಿ ನುಗ್ಗಿತು. ಕೋಳಿಯೊಂದು ಪ್ರಾಣದಾಸೆ ಬಿಟ್ಟು ಹಾರಿ ಬೇಲಿಯ ಮೇಲೆ ಕೂತಿತು. ಮೂವತ್ತೆರಡು ವರ್ಷದಲ್ಲಿ ಯಾರೂ ಅವನನ್ನು ಇಷ್ಟು ಬೇಗ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಗಾಡಿ ನಿಲ್ಲಿಸಿದಾಗ ಅವನ ಕಣ್ಣಲ್ಲಿ ನೀರಿತ್ತು. ಅರ್ಧ ಗಾಳಿಗೆ, ಅರ್ಧ ಸಂತೋಷಕ್ಕೆ.

ವಾಪಸು ಬಂದಾಗ ನಾಲಗೆಯ ತುದಿಯಲ್ಲಿದ್ದ ಮಾತು 'ಕೊಟ್ಟುಬಿಡಿ' ಎಂಬುದೊಂದೇ. ಅಷ್ಟರಲ್ಲಿ ಬದನೆಕಾಯಿ ನೆನಪಾಯಿತು.

"ಪರವಾಗಿಲ್ಲ," ಎಂದ ಮೂಗು ಮುರಿದು. "ಆದ್ರೂ ಬೈರಣ್ಣೋರೇ, ಹನುಮಂತನಗರದಲ್ಲಿ ಒಂದು ಯೆಜ್ಡಿ ನೋಡಿದ್ದೀನಿ. ಅದರ ಮುಂದೆ ಇದು ಸ್ವಲ್ಪ..."

"ಯಾಕ್ ಸಾರ್? ಅದೇನಂಥದ್ದು ಅದರಲ್ಲಿ?"

ಕೇಳಬಾರದವನನ್ನು ಕೇಳಿದ್ದ. ನೋಟ್‌ಬುಕ್ಕಿನ ಎದುರು ಪುಟವೆಲ್ಲ ಬಾಯಿಪಾಠವಾಗಿತ್ತಲ್ಲ. ತಿರುಮಲೇಶ ಹಿಟ್ಟಿನ ಮೂಟೆಯ ಮೇಲೆ ಕೂತು ಶುರುಮಾಡಿದ. ಯೆಜ್ಡಿ ನಮ್ಮ ಮೈಸೂರಲ್ಲಿ ಹುಟ್ಟಿದ ಗಾಡಿ. ಕಿಕ್ ಹೊಡೆಯುವ ಕೋಲೇ ಗೇರ್ ಹಾಕುವ ಕೋಲು, ಅಷ್ಟು ಸರಳ. ಹಿಂದೆ ಒಂದು ಮೂಟೆ ರಾಗಿ ಹಾಕಿದರೂ ಕೊರಗುವುದಿಲ್ಲ. ಎರಡು ಸೈಲೆನ್ಸರಿನ ಆ ಸದ್ದು ಗಲ್ಲಿಯ ತುದಿಯಲ್ಲಿ ಕೇಳಿದರೆ ಸಾಕು, ಮನೆಯಲ್ಲಿ ಸಾರು ಬಿಸಿಗಿಡುತ್ತಾರೆ. ಮುಖ್ಯವಾಗಿ, ಹೆಂಡತಿ ಹಿಂದೆ ಕೂತರೆ ಭುಜ ಹಿಡಿದುಕೊಳ್ಳುತ್ತಾಳೆ, ದೇವರ ನಾಮ ಹೇಳುವುದಿಲ್ಲ.

ಬೈರಣ್ಣನ ಮುಖ ಚಿಕ್ಕದಾಯಿತು. "ನಮ್ಮನೆಯವಳು ಇದರ ಮೇಲೆ ಕೂತು ಎರಡು ವರ್ಷ ಆಯ್ತು ಸಾರ್," ಎಂದ ಮೆಲ್ಲಗೆ. "ತವರಿಗೂ ಬಸ್ಸಲ್ಲೇ ಹೋಗ್ತಾಳೆ. ಪೆಟ್ರೋಲ್ ಬಂಕಿನೋನು ಮಾತ್ರ ನನ್ನ ಕಂಡ್ರೆ ನಗ್ತಾನೆ... ಆ ಯೆಜ್ಡಿ ನಿಜವಾಗ್ಲೂ ಇದ್ಯಾ?"

ತಾನು ಬರೀ ಬಾಯಿಮಾತು ಆಡುತ್ತಿಲ್ಲ ಎಂದು ತೋರಿಸಲು ತಿರುಮಲೇಶ ಯೆಜ್ಡಿಯ ಒಡೆಯ ರಾಮಪ್ರಸಾದರ ವಿಳಾಸವನ್ನೂ ಹೇಳಿದ. "ಯೋಚ್ನೆ ಮಾಡಿ, ಸಂಜೆ ಬರ್ತೀನಿ," ಎಂದು ಗಂಭೀರವಾಗಿ ಎದ್ದ. ಪ್ಯಾಂಟಿನ ಹಿಂಬದಿಗೆಲ್ಲ ಹಿಟ್ಟು ಮೆತ್ತಿತ್ತು.

ರಾಮಪ್ರಸಾದ ಕಾಲೇಜಿನಲ್ಲಿ ಗಣಿತ ಹೇಳುವ ಮೇಷ್ಟ್ರು, ನಲವತ್ತು ದಾಟಿದವರು. ಯೆಜ್ಡಿಯನ್ನು ಹಳದಿ ಬಟ್ಟೆಯಲ್ಲಿ ಒರೆಸಿ, ಒರೆಸಿದ ಬಟ್ಟೆಯನ್ನು ಮಡಿಸಿ ಇಟ್ಟು, ಕೀಲಿಕೈ ಕೊಟ್ಟರು. ಹನುಮಂತನಗರದ ರಸ್ತೆಗಳು ಹತ್ತುವುದು ಇಳಿಯುವುದು ಬಿಟ್ಟು ಬೇರೇನೂ ತಿಳಿಯದವು. ಗುಡ್ಡದ ದೇವಸ್ಥಾನದ ಹತ್ತಿರದ ಏರಿನ ನಟ್ಟನಡುವೆ ತಿರುಮಲೇಶ ಗಾಡಿ ನಿಲ್ಲಿಸಿಬಿಟ್ಟ. ಕಿಕ್ ಹೊಡೆಯಲು ಹೋಗಿ ಗೇರ್ ಹಾಕಿದ, ಗೇರ್ ತೆಗೆಯಲು ಹೋಗಿ ಕಿಕ್ ಹೊಡೆದ. ಪುಸ್ತಕದಲ್ಲಿ ಸರಳವಾಗಿದ್ದ ಕೋಲು ಕಾಲಿಗೆ ಸರಳವಾಗಲಿಲ್ಲ. ಗಾಡಿ ನಿಧಾನವಾಗಿ ಹಿಂದಕ್ಕೆ ಜಾರಿ ಎಳನೀರಿನ ಗಾಡಿಯನ್ನು ಮುಟ್ಟಿತು. ಹತ್ತು ಹನ್ನೆರಡು ಎಳನೀರು ಉರುಳಿಕೊಂಡು ಇಳಿಜಾರು ಹಿಡಿದವು.

ಜನ ಸೇರಲು ತಡವಾಗಲಿಲ್ಲ. ಅರ್ಧ ಜನ ಎಳನೀರಿನ ಹಿಂದೆ ಓಡಿದರು, ಮಿಕ್ಕವರು ಸಲಹೆಗೆ ನಿಂತರು.

"ಚೋಕ್ ಎಳೀರಿ ಸಾರ್!"

"ಚೋಕ್ ಬೇಡ ಗುರು, ಫಸ್ಟು ನ್ಯೂಟ್ರಲ್‌ಗೆ ತನ್ನಿ!"

"ಏನೇ ಅನ್ನಿ, ಆರ್‌ಡಿ ಆರ್‌ಡೀನೇ," ಎಂದ ಒಬ್ಬ. "ಏನಂದೆ ನೀನು?" ಎಂದು ಇನ್ನೊಬ್ಬ ಅವನ ಕಾಲರು ಹಿಡಿದ. ಇಬ್ಬರೂ ಅಲ್ಲೇ ಗಾಡಿಗಳ ಗುಣದೋಷಕ್ಕೆ ಇಳಿದರು. ತಿರುಮಲೇಶನನ್ನು ಎಲ್ಲರೂ ಮರೆತರು. ಅವನು ಆ ಸಮಯ ನೋಡಿ ಎಳನೀರಿನವನ ಕ್ಷಮೆ ಕೇಳಿ, ಕೋಲನ್ನು ಸಮಾಧಾನವಾಗಿ ಎತ್ತಿ ಒಂದೇ ಒದೆ ಕೊಟ್ಟ. ಯೆಜ್ಡಿ ಏನೂ ಆಗಿಲ್ಲವೆಂಬಂತೆ ಗುಡುಗುಡು ಎಂದು ಏರು ಹತ್ತಿತು. ಇಷ್ಟು ಅವಮಾನದ ಮೇಲೂ ಕೈಬಿಡದ ಗಾಡಿಯ ಮೇಲೆ ಅವನಿಗೆ ಅಕ್ಕರೆ ಉಕ್ಕಿ ಬಂತು. ಟ್ಯಾಂಕನ್ನು ಒಮ್ಮೆ ಸವರಿದ.

ಆದರೂ ಮೇಷ್ಟ್ರ ಎದುರಿಗೆ ಮೂಗು ಮುರಿದ.

"ಚೆನ್ನಾಗಿದೆ ಸಾರ್, ಇಲ್ಲ ಅಂತಲ್ಲ. ಆದ್ರೆ ಚಿಕ್ಕಲಸಂದ್ರದಲ್ಲಿ ಬೈರಣ್ಣ ಅನ್ನೋರ ಹತ್ರ ಒಂದು ಆರ್‌ಡಿ ಇದೆ..."

ಈ ಸಲ ನೋಟ್‌ಬುಕ್ಕೂ ಬೇಕಾಗಲಿಲ್ಲ. ಬೆಳಗಿನ ಗಾಳಿ ಇನ್ನೂ ಕಿವಿಯಲ್ಲಿತ್ತು. ರಾಗಿಹೊಲ, ಆರು ಸಾವಿರ ದಾಟಿದ ಮುಳ್ಳು, ಹಣೆಗೇರಿದ ಕನ್ನಡಕ, ಎಲ್ಲ ಹೇಳಿದ. "ಒಂದೇ ಒಂದು ಸಲ ಕಿವಿ ತಿರುಪಿದ್ರೆ ಸಾಕು ಸಾರ್, ಮನೆ, ಆಫೀಸು, ವಯಸ್ಸು ಎಲ್ಲಾ ಹಿಂದೆ ಬಿದ್ದುಹೋಗುತ್ತೆ," ಎಂದ.

ರಾಮಪ್ರಸಾದ ತೆಳ್ಳಗಾಗುತ್ತಿದ್ದ ಕೂದಲನ್ನು ಸವರಿಕೊಂಡರು. "ನಾನು ಹದಿನೆಂಟು ವರ್ಷದಿಂದ ಅದೇ ಪಾಠ ಹೇಳ್ತಾ ಇದ್ದೀನಿ ಕಣ್ರೀ," ಎಂದರು. "ಅದೇ ರಸ್ತೆ, ಅದೇ ಸ್ಪೀಡು... ಚಿಕ್ಕಲಸಂದ್ರದಲ್ಲಿ ಎಲ್ಲಿ ಅಂದ್ರಿ?"

ತಿರುಮಲೇಶ ಗಿರಣಿಯ ಗುರುತು ಹೇಳಿ, ಸಲಹೆಯಂತೆ ಸುಮ್ಮನೆ ಎದ್ದು ಬಂದ.

ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕೂತ. ಬೆಳಿಗ್ಗೆಯಿಂದ ಆಡಿದ ಹೊಗಳಿಕೆಯ ಮಾತುಗಳಲ್ಲಿ ಒಂದೂ ಸುಳ್ಳಲ್ಲ ಎಂಬುದು ಅವನಿಗೆ ಹೊಳೆದಿತ್ತು. ಬೇರೆಯವರ ಗಾಡಿಗಳನ್ನು ಬಸ್ ಸ್ಟಾಪಿನಲ್ಲಿ ನಿಂತು ಪ್ರೀತಿಸಿದವನು ಅವನು. ಆ ಇಬ್ಬರಿಗೆ ತಮ್ಮ ಗಾಡಿ ಸಾಕಾಗಿಹೋಗಿತ್ತು. ಹಾಗೆ ಸಾಕಾಗುವಷ್ಟು ದಿನ ಒಂದನ್ನಾದರೂ ಇಟ್ಟುಕೊಳ್ಳಬೇಕು ಎಂದು ಅವನಿಗೆ ಬಹಳ ಆಸೆಯಾಯಿತು.

"ಪಂಕಜಾ, ಯಾವುದು ತರ್ಲಿ?"

"ಯಾವುದನ್ನ ಬೈಯೋವಾಗ ನಿಮಗೆ ಹೊಟ್ಟೆ ಉರೀತೋ ಅದನ್ನ ತನ್ನಿ."

ಅವನು ಯೋಚಿಸಿದ. ಆರ್‌ಡಿಯನ್ನು 'ಪರವಾಗಿಲ್ಲ' ಎನ್ನಲು ನಾಲಗೆಯ ತುದಿಯಲ್ಲಿದ್ದ 'ಕೊಟ್ಟುಬಿಡಿ'ಯನ್ನು ನುಂಗಬೇಕಾಗಿತ್ತು. "ಹಾಗಾದ್ರೆ ಈಗ್ಲೇ ಹೊರಡ್ತೀನಿ," ಎಂದು ಚಪ್ಪಲಿ ಮೆಟ್ಟಿದ.

ಏಕಾಂತಯ್ಯ ಗೇಟಿನಲ್ಲೇ ತಡೆದರು. "ಅವರ ಮುಖ ಹೇಗಾಯ್ತು ಮೊದ್ಲು ಹೇಳು."

"ಇಬ್ರದ್ದೂ ಚಿಕ್ಕದಾಯ್ತು ಸಾರ್."

"ಹಣ್ಣಾಗ್ತಾ ಇದ್ದಾರೆ! ಈಗ ಹೋದ್ರೆ ಅವಸರ ಕಾಣುತ್ತೆ. ಐದು ಗಂಟೆಗೆ ಹೋಗು."

ತಿರುಮಲೇಶ ಐದು ಗಂಟೆಯ ತನಕ ಗಡಿಯಾರ ನೋಡುತ್ತ ಜಗುಲಿಯಲ್ಲಿ ಕೂತ. ಪಂಕಜಾ ಮೂರು ಸಲ ಬಂದು "ಇನ್ನೂ ಹೋಗಿಲ್ವಾ?" ಎಂದು ಕೇಳಿ ಒಳಗೆ ಹೋದಳು.

ಚಿಕ್ಕಲಸಂದ್ರ ಮುಟ್ಟಿದಾಗ ಹುಣಸೆಮರದ ಕೆಳಗೆ ಆರ್‌ಡಿ ನಿಂತಿತ್ತು. ಪಕ್ಕದಲ್ಲಿ, ಒರೆಸಿ ಫಳಫಳ ಎನ್ನುವ ಯೆಜ್ಡಿಯೂ ನಿಂತಿತ್ತು. ಒಳಗೆ ಬೈರಣ್ಣನೂ ರಾಮಪ್ರಸಾದರೂ ಒಂದೇ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು.

"ಬನ್ನಿ ಸಾರ್, ನೂರು ವರ್ಷ ಆಯಸ್ಸು ನಿಮಗೆ!" ಎಂದು ಬೈರಣ್ಣ ಓಡಿಬಂದ. "ನಾನೇ ಹನುಮಂತನಗರಕ್ಕೆ ಹೊರಡ್ತಾ ಇದ್ದೆ, ಮೇಷ್ಟ್ರೇ ಬಂದ್ಬಿಟ್ರು. ನೀವು ಹೇಳಿದ್ದು ಒಂದಕ್ಷರ ಸುಳ್ಳಲ್ಲ. ನಮ್ಮನೆಯವಳನ್ನ ಹಿಂದೆ ಕೂರಿಸ್ಕೊಂಡು ಒಂದು ರೌಂಡ್ ಬಂದೆ, ಭುಜ ಹಿಡ್ಕೊಂಡ್ಳು ಸಾರ್!"

"ನನ್ನ ಕನ್ನಡಕಾನೂ ಹಣೆಗೆ ಹೋಯ್ತು ಕಣ್ರೀ," ಎಂದರು ರಾಮಪ್ರಸಾದ. ಮುಖ ಕಾಲೇಜು ಹುಡುಗನದಾಗಿತ್ತು. "ಬದಲಾಯಿಸಿಕೊಂಡುಬಿಟ್ವಿ. ಆಷಾಢ ಬರೋದ್ರೊಳಗೆ ಮುಗೀಲಿ ಅಂತ. ಪತ್ರ ಬರೆದಾಯ್ತು, ಸಾಕ್ಷಿಗೆ ನಿಮ್ಮದೊಂದು ಸೈನು."

ತಿರುಮಲೇಶ ಆರ್‌ಡಿಯ ಕಡೆ ತಿರುಗಿದ. "ಮತ್ತೆ... ನನಗೆ?"

"ನಿಮಗೆ ಎರಡೂ ಹಿಡಿಸ್ಲಿಲ್ವಲ್ಲ ಸಾರ್!" ಎಂದ ಬೈರಣ್ಣ.

"ಇಲ್ಲ ಇಲ್ಲ, ನಂಗೆ ಇಷ್ಟ ಆಗಿತ್ತು! ತುಂಬಾ ಇಷ್ಟ ಆಗಿತ್ತು!"

"ದಾಕ್ಷಿಣ್ಯಕ್ಕೆ ಹಾಗೆಲ್ಲ ಹೇಳ್ಬೇಡಿ," ಎಂದು ರಾಮಪ್ರಸಾದ ಅವನ ಬೆನ್ನು ತಟ್ಟಿದರು. "ನಿಮ್ಮ ಟೇಸ್ಟು ದೊಡ್ಡದು. ನಿಮಗೆ ತಕ್ಕ ಗಾಡಿ ಇನ್ನೂ ಬಂದಿಲ್ಲ."

ತಿರುಮಲೇಶ ಸೈನು ಹಾಕಿದ.

ಹೊರಡುವಾಗ ರಾಮಪ್ರಸಾದ ಹಿಂಜರಿದರು. "ಹೊಸ ಗಾಡಿ, ಇನ್ನೂ ಕೈಗೆ ಹತ್ತಿಲ್ಲ. ನಿಮ್ಮನೆ ದಾರೀಲೇ ಅಲ್ವಾ? ಅಲ್ಲೀವರೆಗೂ ನೀವೇ ಓಡಿಸಿ, ಹಿಂದೆ ಕೂತು ನೋಡಿ ಕಲೀತೀನಿ."

ಹೀಗೆ ಆ ಸಂಜೆ ತಿರುಮಲೇಶ ಆರ್‌ಡಿ ಓಡಿಸಿಕೊಂಡು ತನ್ನ ಬೀದಿಗೆ ಬಂದ. ಸದ್ದು ಕೇಳಿ ಪಂಕಜಾ ಆರತಿ ತಟ್ಟೆ ಹಿಡಿದು ಓಡಿಬಂದಳು. ಅವನು ಬಾಯಿ ಬಿಡುವಷ್ಟರಲ್ಲಿ ಟ್ಯಾಂಕಿಗೆ ಅರಿಸಿನ ಕುಂಕುಮ, ಹ್ಯಾಂಡಲಿಗೆ ಮಲ್ಲಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಏಕಾಂತಯ್ಯ ಜೀವಮಾನದಲ್ಲಿ ಮೊದಲ ಸಲ ಸ್ವಂತ ಖರ್ಚಿನ ತೆಂಗಿನಕಾಯಿ ತಂದು ಈಡುಗಾಯಿ ಒಡೆದರು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು.

ರಾಮಪ್ರಸಾದರ ಕಣ್ಣು ತುಂಬಿ ಬಂತು. "ನನ್ನ ಗಾಡಿಗೆ ಪೂಜೆ ಬೇರೆ ಮಾಡ್ಸಿದ್ರಲ್ಲ!" ಎಂದು ಎಲ್ಲರಿಗೂ ಕೈಮುಗಿದರು. "ಈಗ ನಂಗೆ ಧೈರ್ಯ ಬಂತು." ಮಂಗಳಾರತಿ ತಟ್ಟೆಗೆ ಒಂದು ರೂಪಾಯಿ ಹಾಕಿ, ಕಿಕ್ ಹೊಡೆದು, ನಿಂಬೆಹಣ್ಣು ಹಿಚುಕಿಕೊಂಡು ಹೊರಟೇಹೋದರು.

ಚಪ್ಪಾಳೆ ನಿಂತಿತು. ಏಕಾಂತಯ್ಯ ಕಾಯಿಯ ಚೂರು ಆರಿಸುವ ನೆಪದಲ್ಲಿ ಬಗ್ಗಿದವರು ಬಗ್ಗಿದಂತೆಯೇ ಒಳಗೆ ಸರಿದರು. ಬೀದಿಯ ತಿರುವಿನಲ್ಲಿ ಎರಡು ಸಿಲಿಂಡರಿನ ಸದ್ದು ಒಮ್ಮೆ ಏರಿ ಮರೆಯಾಯಿತು. ತಿರುಮಲೇಶ ಆ ಕಡೆಯೇ ನೋಡುತ್ತ ನಿಂತಿದ್ದ.

"ಸಖತ್ ಗಾಡಿ ಕಣೇ," ಎಂದ ಕೊನೆಗೆ. "ಅದರಂಥ ಗಾಡಿ ಇನ್ನೊಂದಿಲ್ಲ."

ಪಂಕಜಾ ಆರತಿ ತಟ್ಟೆಯಲ್ಲಿದ್ದ ಒಂದು ರೂಪಾಯಿಯನ್ನು ನೋಡಿದಳು, ಗಂಡನ ಮುಖವನ್ನು ನೋಡಿದಳು.

"ಇದನ್ನ ಬೆಳಿಗ್ಗೆ ಅವರ ಹತ್ರ ಹೇಳೋದಲ್ವೇನ್ರೀ?" ಎಂದಳು.