ಒಂದು ಬಂದರೆ ಒಂದು ಹೊರಗೆ

ಗೆರ್ದೀನ್ ಮನೆಗೆ ಒಂದೇ ಕಾನೂನು ಮಾಡಿಟ್ಟಿದ್ದಳು: ಒಂದು ವಸ್ತು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು. ಹೊಸ ಕೊಡೆ ಬಂದರೆ ಹಳೆಯ ಕೊಡೆ, ಹೊಸ ಕುರ್ಚಿ ಬಂದರೆ ಹಳೆಯ ಕುರ್ಚಿ. ಆಮ್‌ಸ್ಟರ್‌ಡ್ಯಾಮಿನ ಕಾಲುವೆ ದಂಡೆಯ ಮೂರನೆಯ ಮಹಡಿ ಅದು. ಗಂಡ ಹೆಂಡತಿ ಎದುರುಬದುರಾದರೆ ಒಬ್ಬರು ಗೋಡೆಗೆ ಆತು ದಾರಿ ಬಿಡಬೇಕು. ಹಾಗಾಗಿ ಅವಳ ಗಂಡ ವೌಟರನಿಗೂ ಈ ಕಾನೂನಿನ ಬಗ್ಗೆ ತಕರಾರಿರಲಿಲ್ಲ. ತಕರಾರು ಹುಟ್ಟಿದ್ದು, ರೆಕಾರ್ಡು ಹಾಡಿಸುವ ಒಂದು ಸ್ವಿಸ್ ಟರ್ನ್‌ಟೇಬಲ್ ಮಾರಾಟಕ್ಕಿದೆ ಎಂದು ಫೋನಿನಲ್ಲಿ ಜಾಹೀರಾತು ಕಂಡ ದಿನ.

ವೌಟರ್ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟರು. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಆ ಸ್ವಿಸ್ ಟರ್ನ್‌ಟೇಬಲನ್ನು ಅಂಗಡಿಯ ಗಾಜಿನಾಚೆ ನೋಡಿದ್ದ. ಅಂದಿನಿಂದ ಅವನ ಮನಸ್ಸು ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ಮನೆಯಲ್ಲಿದ್ದದ್ದು ಸಾಧಾರಣದ್ದು. ಹಾಡುತ್ತಿತ್ತು, ಅಷ್ಟೆ. ಎಂದಾದರೂ ಆಸೆ ತಡೆಯದೆ ಬಾಯಿಬಿಟ್ಟರೆ ಗೆರ್ದೀನ್ ಕೇಳುತ್ತಿದ್ದಳು, "ಇರೋದು ತಿರುಗ್ತಾ ಇದೆಯಲ್ಲ. ಅದೇನು ಬೇರೆ ಥರ ತಿರುಗುತ್ತಾ?"

ಅವಳಿಗೆ ಎಲ್ಲ ಕಪ್ಪು ಪೆಟ್ಟಿಗೆಗಳೂ ಒಂದೇ. ವೌಟರನ ಇಡೀ ಉಪಾಯ ನಿಂತದ್ದೇ ಇದರ ಮೇಲೆ. ಹಳೆಯದನ್ನು ಗುಟ್ಟಾಗಿ ಮಾರುವುದು, ಹೊಸದನ್ನು ಅದೇ ಜಾಗದಲ್ಲಿಟ್ಟು ಗೆರ್ದೀನ್ ಹೆಣೆದ ಅದೇ ಕ್ರೋಶಾ ಮುಸುಕು ಹೊದಿಸುವುದು. ಒಂದು ಬಂತು, ಒಂದು ಹೋಯಿತು. ಕಾನೂನಿಗೂ ಚ್ಯುತಿಯಿಲ್ಲ, ಹೆಂಡತಿಗೂ ಗೊತ್ತಾಗುವುದಿಲ್ಲ.

ಆದರೆ ಆ ಜಾಹೀರಾತಿನಲ್ಲಿ ಯಾರು ಎಷ್ಟು ಕೊಡುತ್ತೇನೆಂದರು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ವೌಟರ್ 'ಹಳೆಸೂಜಿ' ಎಂಬ ಹೆಸರಿನಲ್ಲಿ ಒಂದು ಬೆಲೆ ಕೂಗಿದ. ಮರುಕ್ಷಣ 'ಬೂದುಕೊಕ್ಕರೆ' ಎಂಬ ಯಾರೋ ಒಂದಷ್ಟು ಏರಿಸಿದರು. ಇವನು ಏರಿಸಿದ, ಕೊಕ್ಕರೆ ಮತ್ತೆ ಏರಿಸಿತು. ವಾರವಿಡೀ ಇದೇ ಜಗಳ. ವೌಟರ್ ಸೋಫಾದಲ್ಲಿ ಫೋನು ಹಿಡಿದು ಹಲ್ಲು ಕಡಿಯುವಾಗ ಎದುರು ಸೋಫಾದಲ್ಲಿ ಗೆರ್ದೀನ್ ತನ್ನ ಫೋನಿನಲ್ಲಿ ಹೆಣಿಗೆಯ ಮಾದರಿ ನೋಡುತ್ತ ನಿಟ್ಟುಸಿರು ಬಿಡುತ್ತಿದ್ದಳು. ಕೊನೆಗೆ, ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿ ಗುಟ್ಟಾಗಿ ಕೂಡಿಟ್ಟ ಹಣವನ್ನೆಲ್ಲ ವೌಟರ್ ಒಮ್ಮೆಗೇ ಸುರಿದಾಗ ಕೊಕ್ಕರೆ ಹಾರಿಹೋಯಿತು.

ದಿನವೂ ಚೆನ್ನಾಗಿಯೇ ಕೂಡಿಬಂತು. ಶನಿವಾರ ಅವನಿಗೆ ಐವತ್ತು ತುಂಬುತ್ತಿತ್ತು. ಸಂಜೆ ನೆಂಟರಿಷ್ಟರು ಬರುವವರಿದ್ದರು. ಬೆಳಿಗ್ಗೆ ಎದ್ದವಳೇ ಗೆರ್ದೀನ್, "ಅಕ್ಕನ ಮನೆಗೆ ಹೋಗಿ ಕೇಕ್ ತಗೊಂಡು ಬರ್ತೀನಿ. ನೀನು ಆರಾಮಾಗಿರು," ಎಂದು ಹೊರಟಳು. ವೌಟರ್ ಎಷ್ಟು ಆರಾಮಾಗಿದ್ದನೆಂದರೆ, ಅವಳು ಬೀದಿ ತಿರುಗುವ ಮೊದಲೇ ಹಳೆಯ ಟರ್ನ್‌ಟೇಬಲ್ ಕಂಬಳಿಯಲ್ಲಿ ಸುತ್ತಿಕೊಂಡು, ಮೂಟೆ ಹೇರುವ ಪೆಟ್ಟಿಗೆ ಸೈಕಲ್ಲಿನಲ್ಲಿ ರೈಲ್ವೆ ನಿಲ್ದಾಣದ ಕಡೆ ಹಾರಿದ್ದ.

ವೌಟರ್ ಫೋನಿನಲ್ಲಿ ಹಾಕಿದ್ದ ಜಾಹೀರಾತು ನೋಡಿ ಕೊಳ್ಳಲು ಬಂದವನು ಅಲ್ಲಿ ಕಾದಿದ್ದ. ನುಣ್ಣನೆಯ ಬೋಳುತಲೆ, ಅವಸರದ ಮುಖ.

"ಒಂದು ಸಲ ತಿರುಗಿಸಿ ನೋಡ್ತೀರಾ? ಮೂಲೆ ಒಂದು ಚೂರು ಮುಕ್ಕಾಗಿದೆ, ಮನೆ ಬದಲಾಯಿಸುವಾಗ ಆಗಿದ್ದು," ಎಂದ ವೌಟರ್.

"ಬೇಡ, ಬೇಡ. ನನಗಲ್ಲ ಇದು. ಪರಿಚಯದವರು ತಂದುಕೊಡು ಅಂದ್ರು, ತಗೊಂಡು ಹೋಗ್ತಿದೀನಿ."

"ಮಗು ಥರ ನೋಡ್ಕೊಂಡಿದೀನಿ ಕಣ್ರೀ."

"ಬರೆದಿದ್ರಲ್ಲ, ಓದಿದೆ," ಎಂದು ಬೋಳುತಲೆಯವನು ಟರ್ನ್‌ಟೇಬಲನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಟ್ಟ. ಇಷ್ಟು ವರ್ಷ ಹಾಡಿದ ಯಂತ್ರಕ್ಕೆ ಈ ಗತಿಯೇ ಎಂದು ವೌಟರನಿಗೆ ಒಂದು ಗಳಿಗೆ ಕೆಡುಕೆನಿಸಿತು.

ಹೊಸದನ್ನು ಮಾರುವ ರಾವೆನ್‌ಸ್ಟೈನ್ ಎಂಬ ಮುದುಕರು ಇದಕ್ಕೆ ತದ್ವಿರುದ್ಧ. ಅವರ ವಾಸ ದೋಣಿಮನೆಯಲ್ಲಿ. ಮರುಮದುವೆಯಾಗಿ ಹೆಂಡತಿಯ ದೋಣಿಗೆ ಬಂದಿದ್ದರು. ಕಾಲುವೆಯಲ್ಲಿ ಪ್ರವಾಸಿಗರ ದೋಣಿ ಹೋದಾಗೆಲ್ಲ ಮನೆ ಓಲಾಡಿ ಸೂಜಿ ಹಾರುತ್ತಿತ್ತು. ಹಾಡಿನ ಮೊದಲ ಸಾಲಿನಿಂದ ನೇರವಾಗಿ ಕೊನೆಯ ಸಾಲಿಗೆ. ಅದಕ್ಕೇ ಮಾರುವುದು, ಇಲ್ಲದಿದ್ದರೆ ಪ್ರಾಣ ಹೋದರೂ ಮಾರುತ್ತಿರಲಿಲ್ಲ ಎಂದರು. ಒಂದು ಲೋಟ ಕಾಫಿ ಕೊಟ್ಟರು, ಡಬ್ಬ ತೆಗೆದು ಒಂದು ಬಿಸ್ಕತ್ತು ಕೊಟ್ಟರು, ಡಬ್ಬ ಮುಚ್ಚಿದರು. ಆಮೇಲೆ ಮಗಳನ್ನು ನೋಡಲು ಬಂದ ಗಂಡನ್ನು ವಿಚಾರಿಸುವ ಮಾವನಂತೆ ಕುರ್ಚಿ ಎಳೆದುಕೊಂಡು ಕೂತರು.

"ಕೈ ತೋರಿಸಿ."

ವೌಟರ್ ತೋರಿಸಿದ.

"ಬಿಸ್ಕತ್ತು ತಿಂದ ಕೈ. ಹೋಗಿ ತೊಳ್ಕೊಂಡು ಬನ್ನಿ."

ತೊಳೆದುಕೊಂಡು ಬಂದ.

"ಮನೇಲಿ ಬೆಕ್ಕು?"

"ಇಲ್ಲ."

"ಕುಣಿಯೋರು?"

"ನನ್ನ ಹೆಂಡ್ತಿ ಒಂದೊಂದ್ಸಲ ಕುಣೀತಾಳೆ. ಅದೂ ಅಡುಗೆಮನೇಲಿ."

"ಅಕಾರ್ಡಿಯನ್ ಹಾಡು ಹಾಕ್ತೀರಾ?"

"ಜನ್ಮದಲ್ಲಿ ಇಲ್ಲ."

ಆಗ ಮುದುಕರು ಸಮಾಧಾನದಿಂದ ತಲೆಯಾಡಿಸಿ ಎದ್ದರು. ಮರದ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆಯುವಾಗ ಅವರ ಕಣ್ಣು ತುಂಬಿತ್ತು. ಪೆಟ್ಟಿಗೆ ಎತ್ತುವಾಗ ವೌಟರನ ಕಣ್ಣೂ ತುಂಬಿತು, ಅದು ಭಾರಕ್ಕೆ.

ಮನೆ ಮುಂದೆ ಬಂದರೆ ಬೀದಿಯೇ ನೆರೆದಿತ್ತು. ಐವತ್ತು ತುಂಬಿದ ಗಂಡಸಿನ ಮನೆಗೆ, ಆ ದೇಶದ ವಾಡಿಕೆಯಂತೆ, ಬೈಬಲಿನ ಮುದುಕ ಅಬ್ರಹಾಮನ ಗಡ್ಡದ ಗೊಂಬೆ ಕಟ್ಟದಿದ್ದರೆ ಅಕ್ಕಪಕ್ಕದವರಿಗೆ ನಿದ್ದೆ ಬರುವುದಿಲ್ಲವಷ್ಟೆ. ನೆಲಮಹಡಿಯ ಟ್ರೂಸಮ್ಮ ಹುಲ್ಲು ತುಂಬಿ ಆಳೆತ್ತರದ ಗೊಂಬೆ ಮಾಡಿದ್ದರು. ಮೊದಲ ಮಹಡಿಯ ಹಾರ್ಮೆನ್, ಬಂದರಿನಲ್ಲಿ ಹಡಗಿನ ಸರಕು ಎತ್ತಿಳಿಸಿ ನಿವೃತ್ತನಾದವನು, ಚಾವಣಿಯಿಂದ ಬೀದಿಗೆ ಚಾಚಿದ ತೊಲೆಯ ಕೊಕ್ಕೆಗೆ ರಾಟೆ ಹಗ್ಗ ಹಾಕಿ ಅದನ್ನು ಮೇಲೆಳೆಯುತ್ತಿದ್ದ.

"ಬಂದ್ಯೇನಯ್ಯ, ಐವತ್ತರ ಮದುಮಗ," ಎಂದ ಹಾರ್ಮೆನ್. "ಪೆಟ್ಟಿಗೇಲಿ ಏನು?"

"ಏನಿಲ್ಲ. ಪುಸ್ತಕ."

ಟ್ರೂಸಮ್ಮ ಆಗಲೇ ಹಲಗೆಯ ಸಂದಿಗೆ ಕಣ್ಣಿಟ್ಟಿದ್ದರು. "ಪುಸ್ತಕ ಅಲ್ಲ ಕಣೋ, ಹಾಡಿನ ಪೆಟ್ಟಿಗೆ. ಅಯ್ಯೋ ಪಾಪ, ಇವನೇ ತಗೊಂಡುಬಿಟ್ನಲ್ಲ," ಎಂದು ಹಾರ್ಮೆನ್‌ನ ಮುಖ ನೋಡಿದರು. ಆಮೇಲೆ ಇದ್ದಕ್ಕಿದ್ದಂತೆ ಅವರಿಗೆ ಕೆಮ್ಮು ಬಂತು.

"ಯಾಕೆ, ಏನಾಯ್ತು?"

"ಏನಿಲ್ಲಪ್ಪ. ಹುಲ್ಲಿನ ಧೂಳು."

ಹಾರ್ಮೆನ್‌ನ ಮುಖ ಮಾತ್ರ ಸಣ್ಣದಾಯಿತು. ಅವನ ಹತ್ತಿರ ನಾವಿಕರ ಅಕಾರ್ಡಿಯನ್ ರೆಕಾರ್ಡುಗಳ ರಾಶಿಯೇ ಇತ್ತು, ಹಾಕಲು ಯಂತ್ರವಿರಲಿಲ್ಲ. ವೌಟರನ ಹಳೆಯದು ಎಂದಾದರೂ ತನಗೆ ಬಂದೀತೆಂದು ವರ್ಷಗಳಿಂದ ಕಾಯುತ್ತಿದ್ದ.

"ಹಾಗಾದ್ರೆ ಹಳೇದು?" ಎಂದು ಕೇಳಿದ.

"ಬೆಳಿಗ್ಗೆ ಮಾರ್ಬಿಟ್ಟೆ."

"ಮಾರ್ಬಿಟ್ಟೆ," ಎಂದು ಹಾರ್ಮೆನ್ ನಿಧಾನವಾಗಿ ಹೇಳಿಕೊಂಡ. "ಇರ್ಲಿ ಬಿಡು."

ಕಡಿದಾದ ಮೆಟ್ಟಿಲಲ್ಲಿ ಆ ಪೆಟ್ಟಿಗೆ ಹೊತ್ತರೆ ಸೊಂಟ ಉಳಿಯುವುದಿಲ್ಲ, ಹಗ್ಗದಲ್ಲೇ ಎಳೆಯೋಣ ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಅಬ್ರಹಾಮನನ್ನು ಇಳಿಸಿ ಸೈಕಲ್ಲಿನ ಪೆಟ್ಟಿಗೆಯಲ್ಲಿ ಕೂರಿಸಲಾಯಿತು. ವೌಟರ್ ಮೇಲೆ ಓಡಿ ಕಿಟಕಿಯಿಂದ ಅರ್ಧ ದೇಹ ಹೊರಚಾಚಿದ. ಪೆಟ್ಟಿಗೆ ಎರಡನೆಯ ಮಹಡಿಯವರೆಗೆ ಸಲೀಸಾಗಿ ಬಂತು. ಅಲ್ಲಿ ಗಾಳಿ ಹಿಡಿದು ಜುಮಕಿಯಂತೆ ತೂಗಾಡತೊಡಗಿತು. ಕೆಳಗೆ ಒಬ್ಬರು ಎಡಕ್ಕೆ ಎಂದರು, ಇನ್ನೊಬ್ಬರು ಬಲಕ್ಕೆ ಎಂದರು. ಟ್ರೂಸಮ್ಮ ಹುಟ್ಟುಹಬ್ಬದ ಹಾಡು ಶುರುಮಾಡಿದರು. ಹಗ್ಗ ಹಿಡಿದವರೂ ಹಾಡುತ್ತಲೇ ಚಪ್ಪಾಳೆ ತಟ್ಟಲು ಕೈ ಬಿಟ್ಟರು. ಹಾರ್ಮೆನ್ ಒಬ್ಬನೇ ಗಟ್ಟಿಯಾಗಿ ಹಿಡಿದದ್ದರಿಂದ ವೌಟರನ ಬಾಳು ಕಾಲುವೆಯ ಪಾಲಾಗಲಿಲ್ಲ.

ಸಾಯಂಕಾಲದ ಹೊತ್ತಿಗೆ ಎಲ್ಲ ಸರಿಹೋಗಿತ್ತು. ಕನಸಿನ ಟರ್ನ್‌ಟೇಬಲ್ ಹಳೆಯ ಜಾಗದಲ್ಲಿ, ಹಳೆಯ ಕ್ರೋಶಾ ಮುಸುಕಿನ ಕೆಳಗೆ ಕೂತಿತ್ತು. ಅದನ್ನಿನ್ನೂ ಒಂದು ಸಲವೂ ತಿರುಗಿಸಿರಲಿಲ್ಲ. ಮೊದಲ ಹಾಡನ್ನು ಒಬ್ಬನೇ ಕೇಳಬೇಕೆಂಬ ಆಸೆ. ಕುರ್ಚಿಗಳು ಗೋಡೆಯುದ್ದಕ್ಕೂ ದುಂಡಗೆ ನಿಂತವು. ಬಂದವರೆಲ್ಲ ವೌಟರನ ಕೈ ಕುಲುಕಿ, ಆಮೇಲೆ ಅಲ್ಲಿಯ ವಾಡಿಕೆಯಂತೆ ಒಬ್ಬರಿಗೊಬ್ಬರು ಶುಭಾಶಯ ಹೇಳಿಕೊಂಡು ಕೂತರು. ಗೆರ್ದೀನ್ ಕೇಕ್ ಹಿಡಿದು ಬಂದಳು. ಅವಳ ಹಿಂದೆ ಬಣ್ಣದ ಕಾಗದ ಸುತ್ತಿದ ದೊಡ್ಡ ಪೆಟ್ಟಿಗೆ ಹೊತ್ತು ಒಬ್ಬ ಬೋಳುತಲೆಯವನು ಬಂದ.

"ಇವರು ನಮ್ಮ ಗಾಯನಮಂಡಳಿಯವರು," ಎಂದಳು ಗೆರ್ದೀನ್.

ಬೋಳುತಲೆಯವನು ವೌಟರನನ್ನು ನೋಡಿ ಬಾಯಿ ತೆರೆದ. ವೌಟರ್ ಧಾವಿಸಿ ಅವನ ಕೈ ಹಿಡಿದು ಅಲುಗಾಡಿಸಿದ. "ನಮಸ್ಕಾರ, ನಮಸ್ಕಾರ. ಇವತ್ತೇ ಮೊದಲು ನೋಡ್ತಿರೋದು, ಅಲ್ವಾ."

"ಅಲ್ವಾ," ಎಂದು ಆ ಪುಣ್ಯಾತ್ಮ ಬಾಯಿ ಮುಚ್ಚಿದ.

ವೌಟರ್ ಕಾಗದ ಬಿಚ್ಚಿದ. ಕಪ್ಪು ಪೆಟ್ಟಿಗೆ. ಮೂಲೆ ಒಂದು ಚೂರು ಮುಕ್ಕು.

"ಇವನ ಮುಖ ನೋಡಿ," ಎಂದಳು ಗೆರ್ದೀನ್. ಅವಳ ಮುಖ ಸಂತೋಷದಿಂದ ಅರಳಿತ್ತು. "ನೀನು ಕನಸು ಕಾಣ್ತಿದ್ಯಲ್ಲ, ಅದನ್ನೇ ತರಬೇಕು ಅಂತಿದ್ದೆ ಕಣೋ. ನೀನು ನಿದ್ದೇಲೂ ಅದರ ಹೆಸರು ಹೇಳ್ತಿದ್ದೆ. ಮದುವೆಯಾದ ಹೊಸದರಲ್ಲಿ ಯಾರೋ ಹೆಂಗಸು ಅಂದ್ಕೊಂಡು ಅತ್ತಿದೀನಿ. ವಾರವೆಲ್ಲ ಫೋನಲ್ಲಿ ಗುದ್ದಾಡಿದೆ. ಬೂದುಕೊಕ್ಕರೆ ಅಂತ ಹೆಸರಿಟ್ಕೊಂಡಿದ್ದೆ. ಆದ್ರೆ ಹಳೆಸೂಜಿ ಅಂತ ಒಬ್ಬ ಜಗಮೊಂಡ. ನಾನು ಏರಿಸಿದಷ್ಟೂ ಏರಿಸ್ದ. ಅವನು ಕೈಗೆ ಸಿಕ್ಕಿದ್ರೆ ಕಾಲುವೆಗೆ ತಳ್ತೀನಿ."

"ತಳ್ಳಬೇಕಾದ್ದೇ," ಎಂದ ವೌಟರ್.

"ಕೊನೆಗೆ ಇದು ಸಿಕ್ತು. ಮಗು ಥರ ನೋಡ್ಕೊಂಡಿದೀನಿ ಅಂತ ಬರೆದಿದ್ರು. ಫೋಟೋದಲ್ಲಿ ಹಾಸಿದ್ದ ಚಾದರವೂ ನಮ್ಮನೇದರ ಥರಾನೇ ಇತ್ತು. ಒಳ್ಳೆ ಮನೆತನದವರೇ ಇರಬೇಕು ಅಂದ್ಕೊಂಡೆ. ಇಷ್ಟ ಆಯ್ತಾ?"

ಟ್ರೂಸಮ್ಮ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಿದ್ದರು. ವೌಟರ್ ಹೆಂಡತಿಯ ಮುಖ ನೋಡಿದ. ತನಗಾಗಿ ವಾರವಿಡೀ ಗುದ್ದಾಡಿದ ಆ ಮುಖ ನೋಡಿ ಅವನಿಗೆ ನಿಜವಾಗಿಯೂ ಪ್ರೀತಿ ಉಕ್ಕಿತು, ಜೊತೆಗೆ ಜೀವಭಯವೂ.

"ತುಂಬಾ ಇಷ್ಟ ಆಯ್ತು. ಇಂಥದ್ದು ಜನ್ಮದಲ್ಲಿ ನೋಡಿರ್ಲಿಲ್ಲ."

ಗೆರ್ದೀನ್ ಅವನ ಕೆನ್ನೆಗೆ ಮುತ್ತಿಟ್ಟಳು. ಆಮೇಲೆ ಮೂಲೆಗೆ ಹೋಗಿ, ಕನಸಿನ ಟರ್ನ್‌ಟೇಬಲ್ಲಿನ ಮೇಲಿಂದ ಕ್ರೋಶಾ ಮುಸುಕನ್ನು ತೆಗೆದು ಮಡಿಸಿದಳು.

"ಕಾನೂನು ಗೊತ್ತಲ್ಲ. ಒಂದು ಬಂತು, ಒಂದು ಹೋಗಬೇಕು. ಈ ಹಳೇದನ್ನ ಹಾರ್ಮೆನ್‌ಗೆ ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ. ಪಾಪ, ಎಷ್ಟು ವರ್ಷದಿಂದ ಆಸೆಪಡ್ತಿದಾರೆ."

ವೌಟರ್ ಹಾರ್ಮೆನ್‌ನ ಕಡೆ ನೋಡಿದ. ನೀನಾದರೂ ಬೇಡ ಅನ್ನಪ್ಪ ಎಂದು ಕಣ್ಣಲ್ಲೇ ಕೈಮುಗಿದ. ಹಾರ್ಮೆನ್ ತಟ್ಟೆಯ ಕೇಕ್ ಮುಗಿಸಿ, ಮೀಸೆ ಒರೆಸಿಕೊಂಡು ಎದ್ದ.

"ಕೊಟ್ಟ ಮಾತು ಉಳಿಸಿಕೊಂಡ್ರಿ ಗೆರ್ದೀನ್. ಹಳೇದಾದ್ರೇನು, ನನಗೆ ಸಾಕು. ಹಗ್ಗವನ್ನೂ ಇನ್ನೂ ಬಿಚ್ಚಿಲ್ಲ."

ಬಂದವರೆಲ್ಲ ಕೈಜೋಡಿಸಿದರು. ವೌಟರನೇ ಕಿಟಕಿಯಲ್ಲಿ ನಿಂತು ಪೆಟ್ಟಿಗೆಯನ್ನು ಜೋಪಾನವಾಗಿ ಹೊರಗೆ ಬಿಡಬೇಕಾಯಿತು. ಈ ಸಲ ಅದು ಒಂದಿಷ್ಟೂ ತೂಗಾಡಲಿಲ್ಲ. ಸ್ವಲ್ಪ ಹೊತ್ತಿಗೆಲ್ಲ ಕೆಳಗಿನ ಮನೆಯಿಂದ ಅಕಾರ್ಡಿಯನ್ ಹಾಡು ಕೇಳಿಬಂತು. ಎಂಥ ಸ್ವಚ್ಛವಾದ ದನಿ, ನುಡಿಸುವವನ ಬೆರಳೇ ಕಾಣುವಂತಿತ್ತು. ಗೆರ್ದೀನ್ ಅಡುಗೆಮನೆಯಲ್ಲಿ ಕುಣಿಯತೊಡಗಿದಳು.

"ನೋಡು, ಆ ಹಳೇದೇ ಎಷ್ಟು ಚೆನ್ನಾಗಿ ಹಾಡುತ್ತೆ," ಎಂದಳು. "ಯಾವುದಾದ್ರೂ ಒಂದೇ ಅಂತ ನಾನು ಹೇಳ್ತಿರ್ಲಿಲ್ವಾ?"

ವೌಟರನಿಗೆ ತಡೆಯಲಾಗಲಿಲ್ಲ. ಕೇಕಿನ ತಟ್ಟೆ ಹಿಡಿದೇ ಮೆಟ್ಟಿಲಿಳಿದು ಹೋಗಿ ಬಾಗಿಲು ತಟ್ಟಿದ. ಹಾರ್ಮೆನ್ ಬಾಗಿಲನ್ನು ಒಂದು ಗೇಣು ಮಾತ್ರ ತೆರೆದ.

"ಒಂದು ಹಾಡು ಕೇಳ್ಕೊಂಡು ಹೋಗ್ತೀನಿ ಮಾರಾಯ," ಎಂದ ವೌಟರ್.

ಹಾರ್ಮೆನ್ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಮೊದಲು ಕೈ ತೋರಿಸು," ಎಂದ.