ಓಡಿಹೋದವಳ ವ್ಯಾಕರಣ

ಟೀಚರ್: "ಓಡಿಹೋದಳು" ಅನ್ನೋದನ್ನ ತೆಗೆಸು. ಅದಿದ್ರೆ ನನ್ನ ಒಪ್ಪಿಗೆ ಇಲ್ಲ.

ಓಟಗಾರ: ಒಂದು ಪದಕ್ಕೆ ಇಷ್ಟು ರಾದ್ಧಾಂತನಾ? ನಾಳೆ ಪುಸ್ತಕ ಪ್ರೆಸ್ಸಿಗೆ ಹೋಗ್ಬೇಕು ಮಾರಾಯ್ತಿ!

ಟೀಚರ್: ಓಡೋದು ನಿನ್ನ ಕಸುಬು. ನಾನು ನಡ್ಕೊಂಡು ಹೋದೆ. ಎರಡೂ ಕೈಲಿ ಸೂಟ್‌ಕೇಸ್ ಹಿಡ್ಕೊಂಡು ಯಾರಾದ್ರೂ ಓಡ್ತಾರಾ?

(ಶೂ ಅಂಗಡಿಗಳ ಗೋಡೆಗಳ ಮೇಲೆಲ್ಲ ನಗುವ ಆ ಪ್ರಸಿದ್ಧ ಓಟಗಾರ ಈಗ ಮಾಜಿ ಹೆಂಡತಿಯ ಸೋಫಾದ ತುದಿಯಲ್ಲಿ ಕುಳಿತಿದ್ದಾನೆ. ಮೀಸೆ ಚಿಗುರುವ ವಯಸ್ಸಿಗೆ ಮದುವೆ, ಅದು ಪೂರ್ತಿ ಬೆಳೆಯುವಷ್ಟರಲ್ಲಿ ವಿಚ್ಛೇದನ. ಈಗ ಒಬ್ಬ ಪತ್ರಕರ್ತ ಅವನ ಜೀವನಚರಿತ್ರೆ ಬರೆದಿದ್ದಾನೆ. ಆಕೆ ಒಪ್ಪದೆ ಮದುವೆಯ ಅಧ್ಯಾಯ ಅಚ್ಚಾಗದು ಎಂದು ಪ್ರಕಾಶಕರು ಪಟ್ಟು ಹಿಡಿದಿದ್ದಾರೆ. ಆಕೆ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರ್. ಒಳಗೆ ಒಲೆಯ ಮೇಲೆ ಕುಕ್ಕರ್ ಇದೆ. ಆಕೆಯ ಮಡಿಲಲ್ಲಿ ಶಾಲೆಯ ಹುಡುಗಿಯರ, ಒಗೆದು ಒಣಗಿದ ಜೆರ್ಸಿಗಳ ರಾಶಿ. ಅರ್ಧ ರಾಶಿಯನ್ನು ಅವನ ಕೈಗೆ ದಾಟಿಸುತ್ತಾಳೆ.)

ಓಟಗಾರ: ಅದೇನು "ತೆಗೆಸು", "ನಿನ್ನ"? ಮುಂಚೆ "ನೀವು" ಅಂತಿದ್ದೆ.

ಟೀಚರ್: ಮೈದಾನದಲ್ಲಿ ಜೊತೇಲಿ ಓಡುವಾಗ "ನೀನು" ಅಂತಾನೇ ಅಂತಿದ್ದೆ. ಮದುವೆಯಾಗಿ ಮನೆಗೆ ಬಂದ ದಿನ ನಿಮ್ಮಮ್ಮ "ನೀವು" ಮಾಡಿಸಿದ್ರು. ಜಡ್ಜ್ ಸಹಿ ಹಾಕಿದ ದಿನ "ನೀನು" ವಾಪಸ್ ಬಂತು. ಜೀವನಾಂಶ ಅಂತ ನಾನು ತಗೊಂಡಿದ್ದು ಅದೊಂದೇ.

ಓಟಗಾರ: ಸರಿ ಸರಿ. ಈ ಬಟ್ಟೆ...

ಟೀಚರ್: ಮಡಚು.

ಓಟಗಾರ: ಓ, ಮಡಚೋಕಾ? ಕೊಟ್ಟೆಯಲ್ಲ, ಹಿಡ್ಕೊಂಡೆ.

ಟೀಚರ್: ರಿಲೇ ಕೋಲು ಅನ್ಕೊಂಡ್ಯಾ? ಇರಲಿ, ನೀನು ತಂದ ಪುಸ್ತಕದ ಕರಡಲ್ಲಿ ಏನಿದೆ ಕೇಳು. "ಅವರು ನಸುಕಿನಲ್ಲೇ ಏಳುತ್ತಿದ್ದರು. ಬೆವರು ಸುರಿಸಿದರು. ದಾಖಲೆ ಮುರಿದರು. ಪತ್ನಿ ಓಡಿಹೋದಳು." ನಿನ್ನ ಬಾಲಕ್ಕೆ "ರು", ನನ್ನ ಬಾಲಕ್ಕೆ "ಳು".

ಓಟಗಾರ: ಅದು ವ್ಯಾಕರಣ ಕಣೇ.

ಟೀಚರ್: ಮುಂದಿನ ಪುಟದಲ್ಲಿ ನಿನ್ನ ನಾಯಿ "ನಿಧನರಾದರು".

ಓಟಗಾರ: ಅದು ಟೈಪಿಂಗ್ ತಪ್ಪು!

ಟೀಚರ್: ನಾಯಿ ವಿಷಯದಲ್ಲಿ ತಪ್ಪಿದ್ರೂ "ರು" ಕಡೆಗೇ ತಪ್ಪಿದಾರೆ, ನೋಡು. ಅದಿರಲಿ, ನಸುಕಲ್ಲಿ ನಿನ್ನನ್ನ ಎಬ್ಬಿಸ್ತಿದ್ದಿದ್ದು ಯಾರು?

ಓಟಗಾರ: ಅಲಾರಂ.

ಟೀಚರ್: ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿದು ಕೈಗೆ ಕೊಡೋ ಅಲಾರಂ ಯಾವ ಅಂಗಡೀಲಿ ಸಿಗುತ್ತೋ?

(ಓಟಗಾರ ಜೆರ್ಸಿಯೊಂದನ್ನು ಮಡಚುತ್ತಾನೆ. ಅದು ಜೆರ್ಸಿಯಂತಿರದೆ ಜಗಳವಾಡಿ ಮಲಗಿದ ಮಗುವಿನಂತೆ ಕಾಣುತ್ತದೆ. ಆಕೆ ಅದನ್ನು ಬಿಡಿಸಿ ಮತ್ತೆ ಅವನಿಗೇ ಕೊಡುತ್ತಾಳೆ.)

ಓಟಗಾರ: ಹಂಗಾದ್ರೆ "ತ್ಯಾಗಮಯಿ" ಅಂತ ಸೇರಿಸ್ಲಾ? ಚೆನ್ನಾಗಿರುತ್ತೆ.

ಟೀಚರ್: ತ್ಯಾಗ ಅಂದ್ರೆ ನಾವಾಗಿ ಕೊಡೋದು. ನಾನೆಲ್ಲಿ ಕೊಟ್ಟೆ? ನನ್ನ ಶೂಸ್ ನಿಮ್ಮಮ್ಮ ಅಟ್ಟಕ್ಕೆ ಹಾಕಿದ್ರು. "ಇಬ್ಬರೂ ಓಡಿದ್ರೆ ಹಾಲು ಉಕ್ಕೋದನ್ನ ನೋಡೋರು ಯಾರಮ್ಮ?" ಅಂದ್ರು. ನೀನು ಏನಂದೆ, ಹೇಳು?

ಓಟಗಾರ: ಏನಂದೆ?

ಟೀಚರ್: ಏನೂ ಅನ್ಲಿಲ್ಲ. ಕೂತು ಲೇಸ್ ಕಟ್ಕೋತಿದ್ದೆ.

(ಓಟಗಾರ ತನ್ನ ಶೂಗಳ ಕಡೆ ನೋಡಿ ಕಾಲನ್ನು ಸೋಫಾದ ಕೆಳಗೆ ಎಳೆದುಕೊಳ್ಳುತ್ತಾನೆ.)

ಓಟಗಾರ: ಇಷ್ಟು ವರ್ಷ ಆದ್ಮೇಲೆ ಒಂದು ಸಾಲಿಗೆ ಯಾಕಿಷ್ಟು ಹಟ?

ಟೀಚರ್: ಈ ಪುಸ್ತಕ ನಮ್ಮ ಶಾಲೆ ಲೈಬ್ರರಿಗೆ ಬಂದೇ ಬರುತ್ತೆ. ಓಡೋದು ಕಲಿಸೋ ಟೀಚರ್ರೇ ಓಡಿಹೋದವಳು ಅಂತ ನನ್ನ ಹುಡುಗಿಯರು ಓದಿದ ಮೇಲೆ ನಾನು ಊದೋ ಪೀಪಿಗೆ ಯಾರು ಕಿವಿ ಕೊಡ್ತಾರೆ? ಅವರ ಅಮ್ಮಂದಿರು ಕಳಿಸ್ತಾರಾ?

ಓಟಗಾರ: (ಪೆನ್ನು ತೆಗೆದು) ಆಯ್ತು, ಸೋತೆ. ಏನು ಬರೀಲಿ?

ಟೀಚರ್: ಬರ್ಕೋ. "ಇಬ್ಬರೂ ಓಟಗಾರರು. ಮದುವೆಯಾದ ಮೇಲೆ ಒಬ್ಬರು ಓಡಿದರು, ಇನ್ನೊಬ್ಬರು ಓಡಾಡಿದರು."

ಓಟಗಾರ: ಓಡಾಡಿದರು... ಎಲ್ಲಿ?

ಟೀಚರ್: ಒಲೆಯಿಂದ ಬಚ್ಚಲಿಗೆ, ಬಚ್ಚಲಿಂದ ಬಟ್ಟೆ ತಂತಿಗೆ, ತಂತಿಯಿಂದ ವಾಪಸ್ ಒಲೆಗೆ. ಅದಕ್ಕೆ ಸ್ಟಾಪ್‌ವಾಚ್ ಹಿಡಿಯೋರು ಇರಲಿಲ್ಲ ಅಷ್ಟೆ.

(ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತದೆ. ಓಟಗಾರ ಚಂಗನೆ ನೆಗೆದು ಬೀದಿ ಬಾಗಿಲಿಗೆ ಕೈ ಹಾಕುತ್ತಾನೆ. ಹಿಂದೆ ಕುಕ್ಕರ್ ಕೂಗಿತೆಂದರೆ ಅವನು ಮೈದಾನಕ್ಕೆ ಹೊರಡುವ ಹೊತ್ತು.)

ಟೀಚರ್: (ನಗುತ್ತಾ) ಕುಕ್ಕರ್ ಕೂಗಿದ್ರೆ ಓಡೋದು ಬಾಗಿಲಿಗಲ್ಲ ಮಹಾನುಭಾವ, ಒಲೆ ಹತ್ರಕ್ಕೆ.

(ಓಟಗಾರ ತಲೆ ಕೆರೆದುಕೊಂಡು ನಿಲ್ಲುತ್ತಾನೆ. ಬಾಗಿಲಿನಿಂದ ಕೈ ತೆಗೆದು, ಶೂ ಬಿಚ್ಚಿ, ಬರಿಗಾಲಲ್ಲಿ ಅಡುಗೆಮನೆಗೆ ಹೋಗುತ್ತಾನೆ.)

ಓಟಗಾರ: (ಒಳಗಿನಿಂದ) ಇನ್ನೆಷ್ಟು ಕೂಗ್ಬೇಕು?

ಟೀಚರ್: ಇನ್ನೆರಡು. ಆಮೇಲೆ ಉರಿ ಆರಿಸು. ಆವಿ ಇಳಿಯೋವರೆಗೂ ಮುಚ್ಚಳ ಮುಟ್ಟಬೇಡ. ಜೆರ್ಸಿ ಮಡಚಿಡು.

(ಅವನು ಹೊರಗೆ ಇಣುಕುವಷ್ಟರಲ್ಲಿ ಆಕೆ ಪೀಪಿಯನ್ನು ಕೊರಳಿಗೆ ಹಾಕಿಕೊಂಡು, ಹೊಸ್ತಿಲಲ್ಲಿ ಕೂತು ಲೇಸ್ ಬಿಗಿಯುತ್ತಿದ್ದಾಳೆ.)

ಓಟಗಾರ: ಏಯ್, ನನ್ನೊಬ್ಬನ್ನೇ ಒಲೆ ಮುಂದೆ ಬಿಟ್ಟು ಎಲ್ಲಿಗೆ?

ಟೀಚರ್: ಮೈದಾನಕ್ಕೆ. ಹುಡುಗಿಯರು ಕಾಯ್ತಿದಾರೆ, ಆಗ್ಲೇ ತಡ ಆಯ್ತು.

ಓಟಗಾರ: ಅಯ್ಯೋ, ಹೀಗೆ ಓಡಿಹೋದ್ರೆ ನಾನು...

ಟೀಚರ್: (ಮೆಟ್ಟಿಲು ಹಾರುತ್ತಾ) ಹಾಂ, ಈಗ ಬರ್ಕೋ! ಓಡಿಹೋದ"ರು"!