ಹೆಲ್ಮೆಟ್ ಮ್ಯಾಲಿನ ಕೆಂಪು ದೀಪ

ಎಲ್ಲಾರೂ ಸೈಕಲ್ ಹೊಡೀತಾರ, ಏನೂ ಆಗಂಗಿಲ್ಲ. ನಾ ಹೊಂಟ್ರ ಏನರ ಒಂದು ಆಗಬೇಕ. ನನಗ ಮಾತು ಕಡಿಮಿ, ಅದಕ್ಕ ಇಲ್ಲಿತನ ಯಾರ ಮುಂದೂ ಹೇಳಿಲ್ಲ.

ಇಬ್ರಾಹಿಂಪುರದಿಂದ ಕಾಲೇಜಿಗೆ, ಲೈಬ್ರರಿಗೆ ನಾ ಸೈಕಲ್ ಮ್ಯಾಲ ಹೋಗಾಕಿ. ಒಮ್ಮೆ ಟಂಟಂ ಗಾಡಿ ಒಂದು ಹಿಂದಿಂದ ತಾಗಿಸಿ ಹೋತು. "ಸೈಕಲ್ ಬಂದ್. ಆಟೋದಾಗ ಹೋಗು" ಅಂದ ಅಪ್ಪ. ಆಟೋದಾಗ ಎಲ್ಲಾರೂ ಮಾತಾಡಸ್ತಾರ. ಅದಕ್ಕಿಂತ ಟಂಟಂ ತಾಗಿದ್ದ ಚಲೋ. ತಿಕೋಟಾದ ನಮ್ಮ ಮಾಮಾ ಸೈಕಲ್ ರೇಸಿನಾಂವ. ತನ್ನ ಹಳೇ ಕ್ಯಾಮರಾ ತಂದು ನನ್ನ ಹೆಲ್ಮೆಟ್ಟಿಗೆ ಕೂಡಿಸಿದ. "ಯಾರ ತಾಗಿಸಿದ್ರೂ ಗೊತ್ತಾಗ್ತೈತ್ರಿ, ಭಾವಾ." ಅಪ್ಪ ಒಪ್ಪಿದ. "ಆದ್ರ ಇದರ ಸಲುವಾಗಿ ಮನಿತನ ಒಂದ ತಕರಾರು ಬಂದ್ರೂ ಸೈಕಲ್ ಬಂದ್."

೧. ಸರ್ವೆ

ಸೊಲ್ಲಾಪುರ ರಸ್ತೆದಾಗ ಹೊಂಟಿದ್ದೆ. ಗ್ಯಾರೇಜಿನಾಂವ ಒಬ್ಬ ಹೆಲ್ಮೆಟ್ ಮ್ಯಾಲಿನ ಕ್ಯಾಮರಾದ ಕೆಂಪು ದೀಪ ನೋಡಿದ. "ಲೇ, ಫುಟ್‌ಪಾತ್ ಸರ್ವೆದವ್ರು ಬಂದಾರ! ಟಾಯರ್ ಒಳಗ ತಗೀರಿ!" ನಾ ಮುಂದ ಹೋದಂಗ ಫುಟ್‌ಪಾತ್ ಮ್ಯಾಲಿನ ಟಾಯರ್, ಕುರ್ಚಿ, ವೆಲ್ಡಿಂಗ್ ಗೇಟು ಎಲ್ಲಾ ಒಳಗ. "ಸರ್ವೆ ಅಲ್ರಿ" ಅನ್ನಾಕ ನನಗ ಬಾಯಿ ಬರ್ಲಿಲ್ಲ. ತಿರುಗಿ ನೋಡಿದ್ರ ಎಲ್ಲಾ ಮತ್ತ ಹೊರಗ ಬರಾಕತ್ತಿದ್ವು.

ದಿನಾ ಇದ ನಡೀತು. ಕಡೀಕ ಚಾದಂಗಡಿಯಾಂವ ಕೈ ಮಾಡಿ ನಿಲ್ಲಿಸಿದ. "ಯವ್ವಾ, ಎತ್ತಿ ಇಟ್ಟು ನಡಾ ಹೋಗ್ಯಾವ. ದೂರದಿಂದನ ಬೆಲ್ ಹೊಡ್ಕೋತ ಬಾ, ತಯಾರ ಇರ್ತೀವಿ."

೨. ಮರ್ಯಾದಿ ಪ್ರಶ್ನೆ

ಬಾಜೂ ಮನಿ ಕಾಕು ಸಿಟ್ಟಿಗೆದ್ದು ಬಂದ್ರು. "ನಿಮ್ಮ ಹುಡುಗಿ ನಮ್ಮ ಅಂಗಳ, ಒಣಾಕಿದ ಅರಬಿ ಎಲ್ಲಾ ಕ್ಯಾಮರಾದಾಗ ಹಿಡದಾಳ್ರಿ. ಮರ್ಯಾದಿ ಅನ್ನೂದು ಬ್ಯಾಡೇನು? ಅಳಸ್ರಿ ಅದನ್ನ!"

ಒಳಗ ಅಪ್ಪ ಪೇಪರ್ ಓದಾಕತ್ತಿದ್ದ. ಅಂವಗ ಕೇಳಿಸ್ತಂದ್ರ ಸೈಕಲ್ ಹೋತು. ಅವ್ವ ಫೋನಿನ ಆವಾಜ್ ಬಂದ್ ಮಾಡಿ ವಿಡಿಯೋ ಹಚ್ಚಿದ್ಲು. ಅಳಸಾಕ ಬಟ್ಟು ಇಡೂದ್ರಾಗ ಕಾಕು ಕೈ ಹಿಡದ್ರು.

"ತಡೀರಿ, ಸ್ವಲ್ಪ ಹಿಂದಕ್ಕ ಹೋಗ್ರಿ. ಎದುರು ಮನ್ಯಾಗ ಹೊಸಾ ಫ್ರಿಜ್ ಬಂದೈತೇನ್ರಿ?"

ಚಾ ಕುಡಕೋತ ಇಡೀ ಓಣಿ ನೋಡಿ ಎದ್ರು. ಹೋಗೂವಾಗ ನನ್ನ ಕಿವ್ಯಾಗ ಅಂದ್ರು: "ನಾಳೆ ಆ ತುದಿ ಮನಿ ಮುಂದ ಸ್ವಲ್ಪ ಸಾವಕಾಶ ಹೋಗ್ವಾ."

೩. ಪಟಗಾ

ರವಿವಾರ ಬಬಲೇಶ್ವರದ ಹಾದಿ ಹಿಡದು ನಿಡೋಣಿಗೆ ಹೊಂಟೆ, ಅತ್ತಿ ಮನಿಗೆ. ಮಾಮಾ ಜೋಡಿ ಬರ್ತೀನಿ ಅಂದಿದ್ದ. ರೇಸಿನಾಂವ ನೋಡ್ರಿ, ಊರು ದಾಟೂದ್ರಾಗ ಮಾಯ ಆದ.

ಅಲ್ಲಿ ಕಟ್ಟಿ ಮ್ಯಾಲ ಅತ್ತಿಯ ಮಾವ ಅಜ್ಜಾರು, ಅವರ ಗೆಳೆಯಾರು ಕುಂತಿದ್ರು. "ಕ್ಯಾಮರಾ ಏನ್ ಬೇ? ತಡಿ!" ಬರೀ ತಲೀಲೆ ಫೋಟೋಕ್ಕ ಕೂಡ್ತಾರೇನು? ಮನಿಂದ ಪಟಗಾ ಬಂದ್ವು. ಎಲ್ಲಾರೂ ತಲಿಗೆ ಸುತ್ತಿಕೊಂಡ್ರು, ಮೀಸಿ ತೀಡಿದ್ರು, ಉಸರು ಹಿಡದು ಕುಂತ್ರು. ಇದು ವಿಡಿಯೋರಿ ಅನ್ನಾಕ ನನಗ ಧೈರ್ಯ ಸಾಲ್ಲಿಲ್ಲ. ಅವರೂ ಅಲಗಾಡ್ಲಿಲ್ಲ, ನಾನೂ ಅಲಗಾಡ್ಲಿಲ್ಲ. ಎಮ್ಮಿ ಒಂದು ನಡುವ ಹಾದು ಹೋದಾಗ ಎಲ್ಲಾರಿಗೂ ಬಿಡುಗಡಿ ಆತು.

೪. ಟಿವಿ

ಸಂಜಿಕ ಆ ಅಜ್ಜಾರ ಫೋನು ಅಪ್ಪಗ. "ನಿನ್ನ ಮಗಳು ಫೋಟೋ ತಗದು ಕೊಡಲಾರದ ಹೋಗ್ಯಾಳೋ! ಪಟಗಾ ಸುತ್ತಿದ್ದು ದಂಡ ಆತು."

ತಕರಾರು ಬಂದ ಬಿಡ್ತು. "ಸೈಕಲ್ ಬಂದ್" ಅಂದ ಅಪ್ಪ. ಫೋಟೋ ಕಳಸಬೇಕಲ್ಲಾ, ಅಜ್ಜಾರ ಮಾರಿ ಹುಡುಕಾಕ ವಿಡಿಯೋ ಟಿವಿಗೆ ಹಚ್ಚಿದ. ಕಾಕುನೂ ಬಂದು ಮುಂದ ಕುಂತ್ರು.

ಟಿವ್ಯಾಗ ಖಾಲಿ ರಸ್ತೆ, ಎರಡೂ ಕಡೆ ಹೊಲ. ಮ್ಯಾಲ ಒಂದು ದನಿ. ನಂದ! ಕ್ಯಾಮರಾ ದನಿನೂ ಹಿಡೀತೈತಿ ಅಂತ ನನಗ ಯಾರೂ ಹೇಳಿರ್ಲಿಲ್ಲ. ಮಂದಿ ಮುಂದ ಬಾಯಾಗ ಉಳದಿದ್ದನ್ನೆಲ್ಲಾ ನಾ ಆ ರಸ್ತೆದಾಗ ಒದರ್ತಿದ್ದೆ.

"ಬೆಲ್ ಹೊಡಿಯಾಕ ನಾ ಏನ್ ಸಾಲಿ ಸಿಪಾಯಿ ಏನ್ರಿ?" ಇದು ಚಾದಂಗಡಿಯಾಂವಗ.

"ಹಿಂದಕ್ಕ ಹೋಗ್ರಿ! ಫ್ರಿಜ್ಜಿನ ಬಾಗಲಾ ತಗದು ತೋರಸ್ರಿ!" ಇದು ಥೇಟ್ ಕಾಕುನ ದನಿ.

ಆಮ್ಯಾಲ ಥೇಟ್ ಅಪ್ಪ: "ಹಲ್ಲು ತಿಕ್ಕಿಲ್ಲೇನು? ಸೈಕಲ್ ಬಂದ್! ಸಾರಿಗೆ ಉಪ್ಪು ಹೆಚ್ಚಾಗೇತಿ? ಸೈಕಲ್ ಬಂದ್!"

ನಾ ಪುಸ್ತಕ ಮಾರಿಗೆ ಅಡ್ಡ ಹಿಡಕೊಂಡೆ. ಎಲ್ಲಾರೂ ನಿಡೋಣಿ ಅಜ್ಜಾರಂಗ ಉಸರು ಹಿಡದು ಕುಂತಿದ್ರು. ಅಪ್ಪ ಟಿವಿ ಆರಿಸಿ, ನನ್ನ ಕಡೆ ತಿರುಗಿ "ಸೈಕಲ್..." ಅಂದ.

"ಇರ್ಲಿ ಬಿಡ್ರಿ" ಅಂದ್ಲು ಅವ್ವ. "ಸೈಕಲ್ ಬಂದ್ ಮಾಡಿದ್ರ ಇದನ್ನೆಲ್ಲಾ ಮನ್ಯಾಗ ಮಾತಾಡ್ತಾಳ."

ಅಪ್ಪ ಎದ್ದು ಹೋಗಿ ನನ್ನ ಸೈಕಲ್ಲಿಗೆ ಗಾಳಿ ತುಂಬಿದ.